ಬೋರಲು ಹಾಕಿದ ಬಟ್ಟಲು

ಎಮ್ಲಿನನ ಅಂಗಡಿ ಹಿಂದೆ ಮಾಂಸ ಮಾರುವವನದು.
ಸೂರಿನಲ್ಲಿ ಕೊಕ್ಕೆಗಳು ಇನ್ನೂ ಇವೆ;
ಈಗ ಅವಕ್ಕೆ ನೇತುಬಿದ್ದಿರುವುದು ಬಣ್ಣದ ಡಬ್ಬಿ, ಕುಂಚ,
ಯಾರೋ ಮರೆತು ಹೋದ ಕೊಡೆ.
ಬಿಳಿ ಟೈಲಿನ ಗೋಡೆಗೆ ನಾನೇ ಬರೆದು ಅಂಟಿಸಿದೆ:
ಶನಿವಾರ, ಪುಟ್ಟ ಸೈನ್ಯಗಳ ಪಂದ್ಯ, ತಲೆಗೆ ಐದು ಪೌಂಡು,
ಬಂದದ್ದೆಲ್ಲ ಲೈಫ್‌ಬೋಟಿಗೆ.
ಕೆಳಗೆ ಸಣ್ಣಕ್ಷರದಲ್ಲಿ:
ಬಿದ್ದ ಗರ ಸೇರದಿದ್ದರೆ ಡಬ್ಬಕ್ಕೊಂದು ಪೌಂಡು ಹಾಕಿ
ಮತ್ತೆ ಎಸೆಯಬಹುದು.

ಹದಿನಾರು ಜನ ಅಂದುಕೊಂಡಿದ್ದೆ. ಬಂದದ್ದು ಹನ್ನೊಂದು ಹೆಸರು.
ಹನ್ನೊಂದು ಕೆಟ್ಟ ಸಂಖ್ಯೆ, ಸುತ್ತಿಗೊಬ್ಬ ಒಂಟಿ.
ರಾತ್ರಿ ಹತ್ತಕ್ಕೆ ಇಡ್ವಲ್‌ಗೆ ಫೋನು ಮಾಡಿದೆ.
'ನನಗೆ ಆಡಲು ಬರುವುದಿಲ್ಲ.'
'ಸೋಲಲು ಬರುತ್ತದಲ್ಲ, ಬಾ.'

ಮೇಜು ಆರು ಬೇಕು. ನಾಲ್ಕು ಚಾಪೆಲ್ಲಿನವು,
ಇನ್ನೆರಡು, ಎಮ್ಲಿನನ ಮನೆಯ ಬಾಗಿಲು ಕಳಚಿ ತಂದದ್ದು.
ಬಾಗಿಲಿಲ್ಲದ ಬಚ್ಚಲಲ್ಲಿ ಅವನ ಹೆಂಡತಿ
ಒಳಗೆ ಆಳಿದೆ ಅಂತ ತಿಳಿಯಲಿ ಎಂದು
ಎರಡು ದಿನ ಗಟ್ಟಿಯಾಗಿ ಹಾಡುತ್ತ ಮಿಂದಳು.
ಫ್ರಿಜ್ಜಿನ ಥರ್ಮಾಕೋಲು ಗುಡ್ಡವಾಯಿತು,
ಬಾಟಲಿ ತೊಳೆಯುವ ಬ್ರಷ್ಷು ಕಾಡು,
ನನ್ನ ನೀಲಿ ಸ್ಕಾರ್ಫು ನದಿ.

ಹದಿಮೂರರ ನೆರಿಸ್ ತಂದಳು
ಅಕ್ಕನ ಉಗುರುಬಣ್ಣ ಬಳಿದ ಕುಳ್ಳ ರಾಕ್ಷಸರನ್ನು.
ನಲವತ್ತು ವರ್ಷ ಮೀನುದೋಣಿಯಲ್ಲಿ ಹಗ್ಗ ಎಳೆದ ಟ್ರೆಫರ್,
ಹಗ್ಗದಷ್ಟೇ ದಪ್ಪ ಬೆರಳು,
ಸಾಸಿವೆಯಂಥ ಕಣ್ಣಿಗೆ ರೆಪ್ಪೆ ಬರೆದಿದ್ದ.
ನಲ್ಲಿ ರಿಪೇರಿಯ ಡೆಲಿತ್ ಜೊತೆ ಅಸ್ಥಿಪಂಜರಗಳ ಪಡೆ,
ಸೊಂಟದಲ್ಲಿ ಲೈಫ್‌ಬೋಟಿನವರ ಪೇಜರು.

ಮೂರನೆಯ ಸುತ್ತು. ಡೆಲಿತ್ ಎದುರು ನೆರಿಸ್.
ದಾಳ ಅಂಗೈಯಲ್ಲಿರುವಾಗ
ಪೇಜರು ಕೂಗಿತು.
ದಾಳ ಉರುಳಿ ನಿಲ್ಲುವುದರೊಳಗೆ
ಅವಳು ರಸ್ತೆ ದಾಟಿದ್ದಳು.
ಕೋಟು ಕುರ್ಚಿಯ ಮೇಲೆ.
ದಾಳದ ಮೇಲೆ ಒಂದೇ ಚುಕ್ಕಿ.

ನ್ಯಾಯ ಹೇಳಬೇಕಾದವಳು ನಾನು.
ಮೇಜಿನಡಿ ಬಿದ್ದ ಗರಕ್ಕೆ ನಿಯಮವಿದೆ,
ಗುಡ್ಡಕ್ಕೊರಗಿ ಓರೆ ನಿಂತದ್ದಕ್ಕೂ ಇದೆ,
ಇದಕ್ಕಿಲ್ಲ.
'ಬಿದ್ದದ್ದು ಬಿದ್ದ ಹಾಗೆ' ಅಂದ ಇಡ್ವಲ್,
ನಿನ್ನೆಯ ತನಕ ನಿಯಮವೇ ಗೊತ್ತಿಲ್ಲದವನು.
'ಎಸೆದದ್ದಲ್ಲ, ಜಾರಿದ್ದು' ಅಂದಳು ನೆರಿಸ್,
ಆ ಒಂದರಿಂದ ಗೆಲ್ಲಬೇಕಿದ್ದವಳು.
ಚಹಾ ಕುಡಿದ ಬಟ್ಟಲನ್ನು
ದಾಳದ ಮೇಲೆ ಬೋರಲು ಹಾಕಿದೆ.
ಅವಳು ಬರಲಿ.

ಉಳಿದ ಮೇಜುಗಳಲ್ಲಿ ಆಟ ನಡೆಯಿತು,
ಗರ ಬಡಿದವರಂತೆ, ಮೆತ್ತಗೆ.
ದಾಳ ಎಸೆಯುತ್ತಿರಲಿಲ್ಲ ಯಾರೂ, ಇಳಿಸುತ್ತಿದ್ದರು.
ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ,
ಮೀನು ಕರಿಯುವ ಅಂಗಡಿ, ಅದರ ಪಕ್ಕ ಒಂದು ಗೇಣು ಬೂದಿಬಣ್ಣ.
ಟ್ರೆಫರ್ ಗೆಲ್ಲುತ್ತಲೇ ಇದ್ದ, ಮತ್ತೆ ಎಸೆಯಲು ಕಾರಣವಿಲ್ಲ,
ಆದರೂ ಎದ್ದು ಹೋಗಿ ಡಬ್ಬಕ್ಕೊಂದು ನಾಣ್ಯ ಹಾಕಿ ಬಂದ.
ಸ್ವಲ್ಪ ಹೊತ್ತಿಗೆ ಇನ್ನೊಂದು.
ಆಮೇಲೆ ಎಣಿಸುವುದನ್ನು ಬಿಟ್ಟೆ.

ಆರಕ್ಕೆ ಇಪ್ಪತ್ತು ನಿಮಿಷ. ಡೆಲಿತ್, ಕೂದಲಿಂದ ನೀರು.
'ರಬ್ಬರಿನ ರಾಜಹಂಸ. ಗುಲಾಬಿ ಬಣ್ಣದ್ದು.
ಯಾರೂ ಇರಲಿಲ್ಲ ಅದರ ಮೇಲೆ.
ಇದ್ದರೇನೋ ಅಂತ ಎರಡು ಗಂಟೆ ಸುತ್ತಿದೆವು.'
ನಿಂತೇ ಕುಡಿದಳು ಆರಿದ ಸೂಪು.

ಬಟ್ಟಲು ಎತ್ತಿದೆ. ಒಂದು, ಇಟ್ಟಲ್ಲೇ ಇತ್ತು.
'ಮತ್ತೆ ಎಸೆ, ಪುಕ್ಕಟೆ' ಅಂದೆ.
ಪುಕ್ಕಟೆ ಬೇಡವೆಂದು ಒದ್ದೆ ಜೇಬು ತಡಕಿದಳು,
ಸಿಕ್ಕಿದ್ದು ನಲ್ಲಿಯ ವಾಷರು.
ಎದುರಾಳಿಯ ಪೌಂಡನ್ನು ನೆರಿಸ್ ತಾನೇ ಹಾಕಿದಳು.

ಮತ್ತೆ ಒಂದು.

ಆ ನಗೆಗೆ ಸೂರಿನ ಕೊಕ್ಕೆಗಳು ಕಿಣಿಗುಟ್ಟಿದವು.

ಡಬ್ಬದಲ್ಲಿ ಇನ್ನೂರ ಎಂಬತ್ತನಾಲ್ಕು ಪೌಂಡು ಅರವತ್ತು ಪೆನ್ನಿ,
ಯಾವುದೋ ದೇಶದ ನಾಣ್ಯ ಒಂದು, ಒಂದು ಗುಂಡಿ.
ಇಡ್ವಲ್ ಮೂರನೆಯವನಾದ, ಹೇಗೆಂದು ಅವನೂ ಕೇಳುತ್ತಿದ್ದ.
ರಾತ್ರಿ ಬಚ್ಚಲ ಬಾಗಿಲು ಹೊತ್ತು ಗುಡ್ಡದ ಬೀದಿ ಏರುವಾಗ
ಬಂದರಿನ ಗಾಳಿ ಅದನ್ನು ಹಾಯಿ ಅಂದುಕೊಂಡಿತು;
ನಾನೂ ಎಮ್ಲಿನನೂ ಎರಡು ಹೆಜ್ಜೆ ಹಿಂದಕ್ಕೆ ಹೋದೆವು.
'ಓರೆ ಹಿಡೀರಿ, ಓರೆ!' ಕೆಳಗಿಂದ ಟ್ರೆಫರ್ ಕೂಗಿದ,
'ಗಾಳಿಗೆ ಎದೆ ಕೊಡಬೇಡಿ.'